ರಿಗ್ಗೈಯ ಖಾಲಿ ಕಪಾಟು

ವಾಮನಣ್ಣಾ, ಆ ಟೇಪುಗಳನ್ನು ನೀವು ವಾರ ವಾರ ನನ್ನ ಕೈಗೇ ಕೊಟ್ಟಿದ್ದಿರಿ. ಕೊಟ್ಟೇ ಇಲ್ಲ ಎಂದು ನಾನು ಹೇಳಿದ್ದು ಸುಳ್ಳು.

ಇಷ್ಟು ಬರೆಯಲಿಕ್ಕೆ ನಾನು ಮುದುಕನಾಗಬೇಕಾಯಿತು. ಐದನೇ ಕ್ಲಾಸಿನವನ ಬರವಣಿಗೆ, ತಪ್ಪಿದ್ದರೆ ಕ್ಷಮಿಸಿ — ಅಕ್ಷರದ ತಪ್ಪನ್ನು ಮಾತ್ರ.

ಸಂತೋಷವೇ ಇದನ್ನು ಹೊರಗೆ ತಂದದ್ದು. ನನ್ನ ಮೊಮ್ಮಗಳು ಶ್ರಾವ್ಯ ಮಂಗಳೂರಿನ ಒಂದು ಕಂಪೆನಿಯ ಕಂಪ್ಯೂಟರುಗಳನ್ನೆಲ್ಲ ಹೊಸ ಪದ್ಧತಿಗೆ ತಂದಳು. ಬಸ್ ಕಂಡಕ್ಟರನನ್ನೂ ಬಿಡದೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹತ್ತು ಯಂತ್ರ ಇದ್ದಲ್ಲಿ ಈಗ ಎರಡೇ ಅಂತೆ. ಅವುಗಳ ಹೊಟ್ಟೆಯೊಳಗೆ ಹತ್ತೂ ಬೇರೆ ಬೇರೆಯಾಗಿ ಬದುಕುತ್ತವಂತೆ. ಕುವೈತಿನ ಖೈತಾನಿನಲ್ಲಿದ್ದ ನಮ್ಮ ಫ್ಲ್ಯಾಟಿನ ಹಾಗೆ — ಮನೆ ಒಂದು, ಒಬ್ಬೊಬ್ಬನ ಮಂಚ ಬೇರೆ, ಟ್ರಂಕು ಬೇರೆ. ಕರೆಂಟು ಉಳಿಯುತ್ತದೆ, ಜಾಗ ಉಳಿಯುತ್ತದೆ. ಒಂದು ಯಂತ್ರ ಸತ್ತರೆ ಒಳಗಿನವು ಇನ್ನೊಂದರಲ್ಲಿ ಎದ್ದು ಕೂರುತ್ತವೆ. ಇಡೀ ಕಟ್ಟಡ ಹೋದರೂ ದೂರದಲ್ಲೊಂದು ಪ್ರತಿ ಇರುತ್ತದೆ, ವ್ಯಾಪಾರ ನಿಲ್ಲುವುದಿಲ್ಲ. ಆ ಪ್ರತಿಯನ್ನು ಅಲ್ಲಿಗೆ ಕೊಂಡುಹೋಗುವವರು ಯಾರು ಎಂದು ಕೇಳಿದೆ. ನಕ್ಕಳು.

"ಅದೇ ಹೋಗ್ತದೆ ಅಜ್ಜ. ಮನುಷ್ಯರನ್ನು ನಂಬಿ ಕೂತರೆ ಆಗ್ತದಾ?"

ಅರ್ಧ ಊಟದಲ್ಲೇ ಎದ್ದು ಕೈ ತೊಳೆದೆ.

ಕುವೈತಿನ ಆಫೀಸಿನಲ್ಲಿ ನೀವು ಕಂಪ್ಯೂಟರ್ ನೋಡುವವರು. ನಾನು ಚಹಾ ಕೊಟ್ಟು, ವ್ಯಾನ್ ಓಡಿಸುವವನು. ಕಂಪೆನಿಯ ಗಿರಾಕಿ, ಸರಕು ಎಲ್ಲದರ ವಿವರ ಇದ್ದದ್ದು ಗುಂಯ್ಗುಡುವ ಆ ತಣ್ಣನೆಯ ಕೋಣೆಯ ಒಂದೇ ಯಂತ್ರದಲ್ಲಿ. ಪ್ರತಿ ಗುರುವಾರ ನೀವು ಅದನ್ನೆಲ್ಲ ಟೇಪಿಗೆ ಇಳಿಸಿ, ರಿಗ್ಗೈ ಗೋದಾಮಿನ ಕಪಾಟಿನಲ್ಲಿಡು, ದಾರಿಯಲ್ಲಿ ಬಿಸಿ ತಾಗಿಸಬೇಡ ಎನ್ನುತ್ತಿದ್ದಿರಿ. ತೊಂಬತ್ತನೇ ಇಸವಿಯ ಬೇಸಗೆ, ವ್ಯಾನ್ ಎಂದರೆ ಕಾದ ಕಾವಲಿ. ಗುರುವಾರ ಸಂಜೆ ಖೈತಾನಿನಲ್ಲಿ ಭಜನೆ, ತಾಳ ನನ್ನದು. ರಿಗ್ಗೈಗೆ ಹೋದರೆ ತಡವಾಗುತ್ತಿತ್ತು. ಮೀನು ಮಾರುವವರ ಮನೆಯಲ್ಲಿ ಹುಟ್ಟಿದವನು ನಾನು — ಕೆಡುವ ವಸ್ತು ತಂಪಿನಲ್ಲಿದ್ದರೆ ಆಯಿತು ಎಂದುಕೊಂಡೆ. ಕಟ್ಟಡದಲ್ಲೇ ಹೆಚ್ಚು ತಂಪು ನಿಮ್ಮ ಕೋಣೆ. ಆ ಯಂತ್ರದ ಹಿಂದೆಯೇ ರಟ್ಟಿನ ಪೆಟ್ಟಿಗೆಯಲ್ಲಿ ಟೇಪುಗಳನ್ನು ಇಟ್ಟೆ, ಐಸಿನಲ್ಲಿ ಬಂಗುಡೆ ಜೋಡಿಸಿದ ಹಾಗೆ. ರಿಗ್ಗೈಯಲ್ಲಿ ಇಟ್ಟೆಯಾ ಎಂದರೆ ಹೂಂ ಎನ್ನುತ್ತಿದ್ದೆ.

ಆಗಸ್ಟಿನಲ್ಲಿ ಇರಾಕಿನ ಸೈನಿಕರು ಬಂದರು. ನಾವು ಉಟ್ಟ ಬಟ್ಟೆಯಲ್ಲಿ ಊರು ಸೇರಿದೆವು.

ಮರುವರ್ಷ ನಮ್ಮ ಕಫೀಲ್, ವೀಸಾ ಕೊಟ್ಟ ಅರಬಿ ಧಣಿ, ನಮ್ಮನ್ನು ಮತ್ತೆ ಕರೆಸಿದಾಗ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಮಧ್ಯಾಹ್ನವೇ ಕತ್ತಲು, ಉಗುಳಿದರೆ ಕಪ್ಪು. ಆಫೀಸಿನಲ್ಲಿ ಯಂತ್ರ ಇರಲಿಲ್ಲ, ನನ್ನ ಪೆಟ್ಟಿಗೆಯೂ ಇರಲಿಲ್ಲ. ಗೋಡೆಯ ವಯರನ್ನೂ ಕಿತ್ತಿದ್ದರು. ನೀವು ಮಾತ್ರ ಹೆದರಲಿಲ್ಲ. ರಿಗ್ಗೈಯಲ್ಲಿ ಎಲ್ಲ ಉಂಟು ಎಂದು ಕಫೀಲನಿಗೆ ಧೈರ್ಯ ಹೇಳಿದಿರಿ. ದಾರಿಯುದ್ದಕ್ಕೂ ನಾನು ಬೇಡಿಕೊಂಡೆ — ಗೋದಾಮೂ ಲೂಟಿಯಾಗಿರಲಿ ದೇವರೇ ಎಂದು.

ಬೀಗ ಹಾಕಿದ ಹಾಗೆಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಕಪಾಟು ತೆರೆದಿರಿ. ಒಳಗೆ ಧೂಳು.

ನೀವು ನನ್ನ ಕಡೆ ತಿರುಗಿದಿರಿ. "ನೀನು ಇಲ್ಲೇ ಇಟ್ಟದ್ದಲ್ವಾ ಮಾರಾಯ?"

ಊರಿನಲ್ಲಿ ಮೂರು ಮಕ್ಕಳು, ನನಗೆ — ಬೇಡ, ಅದನ್ನು ಹೇಳುವುದಿಲ್ಲ.

"ನನಗೆ ಟೇಪ್ ಕೊಟ್ಟೇ ಇಲ್ಲ" ಎಂದೆ.

ಕಫೀಲ್ ನಿಮ್ಮನ್ನೇ ನೋಡಿ "ಖಲಾಸ್" ಎಂದ. ಕೆಲಸ ಕಳೆದುಕೊಂಡು, ಪ್ರತಿ ತೆಗೆಯದೆ ಸುಳ್ಳು ಹೇಳಿದವ ಎಂಬ ಹೆಸರು ಹೊತ್ತು ನೀವು ಊರಿಗೆ ಹೋದಿರಿ. ಅದೇ ವಾರ ನಾನು ಭಜನೆಯಲ್ಲಿ ತಾಳ ಹಾಕಿದೆ.

ಶ್ರಾವ್ಯ ಈಗ ಎಲ್ಲರಿಗೂ ಹೇಳುತ್ತಾಳೆ, ನಮ್ಮ ಅಜ್ಜನೂ ಕುವೈತಿನಲ್ಲಿ ಕಂಪ್ಯೂಟರ್ ಕೋಣೆಯಲ್ಲಿ ಇದ್ದವರು ಎಂದು. ಇದನ್ನು ಮೊದಲು ಅವಳ ಕೈಗೆ ಕೊಡುತ್ತೇನೆ. ಓದಿದ ಮೇಲೆ ಆ ಮುಖ ಹೇಗೆ — ಗೊತ್ತಿಲ್ಲ. ಆಮೇಲೆ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಕಾಗಿಲ್ಲ. ಅಂಗಳದಲ್ಲೇ ನಿಂತು, ನಿಮ್ಮ ಮಕ್ಕಳಿಗೆ ಕೇಳುವ ಹಾಗೆ ಹೇಳುತ್ತೇನೆ: ಕೊಟ್ಟಿದ್ದರು, ನನ್ನ ಕೈಗೇ ಕೊಟ್ಟಿದ್ದರು.