ನೆಲಕ್ಕೆ ಬಿದ್ದ ಕಬಾಬ್

"ಐದು ಸೆಕೆಂಡಿನ ಒಳಗ ಎತ್ತಿದ್ರ, ಬಿದ್ದದ್ದು ಬಿದ್ದಂಗಲ್ಲಕ್ಕಾ!"

ಹೀಗೆಂದವನು ಹುಲುಗಪ್ಪ. ಕಡ್ಡಿರಾಂಪುರದ ರಸ್ತೆ ಬದಿಯಲ್ಲಿರುವ ನನ್ನ ಗೆಳತಿ ರೇಣುಕಾಳ ನಾನ್‌ವೆಜ್ ಹೋಟೆಲಿನ ಅಡುಗೆಯವನು. ಆಗತಾನೇ ಎಣ್ಣೆಯಿಂದ ತೆಗೆದಿದ್ದ ಒಂದು ಟ್ರೇ ಚಿಕನ್ ಕಬಾಬ್ ಅವನ ಕೈ ಜಾರಿ ನೆಲದ ತುಂಬಾ ಚೆಲ್ಲಾಪಿಲ್ಲಿಯಾಗಿತ್ತು.

ಕಳೆದ ಭಾನುವಾರ ಮಧ್ಯಾಹ್ನದ ಮಾತು. ನಾನು ಅಡುಗೆಮನೆಯಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. (ರುಚಿ ನೋಡುವುದಕ್ಕೆ ಎನ್ನುತ್ತೇನೆ ನಾನು. ಪುಕ್ಕಟೆ ತಿನ್ನುವುದಕ್ಕೆ ಎನ್ನುತ್ತಾಳೆ ರೇಣುಕಾ.)

"ಯಾವ ದೊಡ್ಡ ಮನುಷ್ಯ ಹೇಳಿದ್ನೋ ಅದನ್ನ?" ಎಂದಳು ಅವಳು.

"ರೀಲ್ಸ್‌ನಾಗ ಬಂದಿತ್ತಕ್ಕಾ."

"ಕ್ರಿಮಿನೂ ರೀಲ್ಸ್ ನೋಡ್ಕೊಂತ ಕುಂತಿರ್ತಾವೇನೋ, ಐದು ಎಣಿಸಿದ ಮ್ಯಾಲೆ ಹತ್ತೋಣು ಅಂತ?"

ಹುಲುಗಪ್ಪ ಸೋಲಲಿಲ್ಲ. ಮತ್ತೊಮ್ಮೆ ಎಣ್ಣೆಗೆ ಬಿಟ್ಟರೆ ಯಾವ ಕ್ರಿಮಿ ಉಳಿದೀತು ಎಂದು ನನ್ನ ಮುಖ ನೋಡಿದ. ನಿಜ ಹೇಳಲೇ? ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಅಂಥ ಗರಿಗರಿ ಕಬಾಬ್! ಆದರೆ ಹಸಿ ಕೋಳಿ ತೊಳೆದ ನೀರು ಹರಿದಿದ್ದೂ ಅದೇ ನೆಲದ ಮೇಲೆ. ನಮ್ಮೆಲ್ಲರ ಚಪ್ಪಲಿ ಓಡಾಡಿದ್ದೂ ಅಲ್ಲೇ.

ರೇಣುಕಾ ಎಲ್ಲವನ್ನೂ ಗುಡಿಸಿ ಕಸದ ಬಕೆಟ್ಟಿಗೆ ಹಾಕಿದಳು.

ಹೊರಗೆ ಕಾಯುತ್ತಿದ್ದವರು ಕುರೆಕುಪ್ಪದ ಕಡೆಯಿಂದ ಬಂದಿದ್ದ ಫ್ಯಾಕ್ಟರಿಯವರ ದೊಡ್ಡ ಗುಂಪು. ಯಾರಿಗೋ ಪ್ರಮೋಷನ್, ಅದರ ಪಾರ್ಟಿ. ಆ ದಿನದ ಅತಿ ದೊಡ್ಡ ಆರ್ಡರ್. "ಸ್ವಲ್ಪ ಲೇಟಾಗ್ತೈತಿ ಅಂದ್ಬಿಡು, ಸಾಕು" ಎಂದು ಪಿಸುಗುಟ್ಟಿದೆ. ಕೇಳಿದಳೇ? ನೇರ ಟೇಬಲ್ಲಿಗೇ ಹೋದಳು.

"ನಿಮ್ಮ ಕಬಾಬ್ ನೆಲಕ್ಕ ಬಿದ್ದಾವ್ರಿ. ಬಿದ್ದಿದ್ದನ್ನ ನಿಮಗ ಕೊಡಂಗಿಲ್ಲ. ಬ್ಯಾರೆ ಹಾಕಿಸ್ತೀನಿ, ಕುಂದ್ರಿ."

ತಲೆ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡಿದ್ದವನೊಬ್ಬ ಎದ್ದು ನಿಂತ. "ಏನ್ರಿ, ನಿಮ್ಮ ಕಿಚನ್‌ನಾಗ ಹಿಂಗ ಎಲ್ಲಾ ನೆಲಕ್ಕ ಬೀಳ್ತಾವೇನ್ರಿ? ಹೈಜೀನ್ ಅನ್ನೋದು ಬ್ಯಾಡೇನ್ರಿ? ಏಳ್ರಲೇ!"

ಎದ್ದರು. ರಸ್ತೆ ದಾಟಿ ಎದುರಿನ ಭರಮಣ್ಣನ ಢಾಬಾಕ್ಕೆ ಹೋದರು. ಕಾರುಗಳನ್ನು ಮಾತ್ರ ನಮ್ಮ ಕಡೆಯ ನೆರಳಿನಲ್ಲೇ ಬಿಟ್ಟರು.

"ಸುಮ್ನಿದ್ದಿದ್ರ ಉಣ್ತಿದ್ರಕ್ಕಾ" ಎಂದ ಹುಲುಗಪ್ಪ.

ರೇಣುಕಾಳ ಮುಖ ಸಣ್ಣಗಾಗಿತ್ತು. "ಎರಡನೇ ಟ್ರೇ ಹಾಕು" ಎಂದಳು ಅಷ್ಟೇ. ಯಾರು ತಿನ್ನುತ್ತಾರೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಆ ಟ್ರೇ ಎಣ್ಣೆಯಿಂದ ಏಳುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಭರಮಣ್ಣ ಪ್ರತ್ಯಕ್ಷ! ಏದುಸಿರು ಬಿಡುತ್ತಿದ್ದ. "ಯಕ್ಕಾ, ಒಮ್ಮಿಂದೊಮ್ಮೆ ದೊಡ್ಡ ಪಾರ್ಟಿ ಬಂದೈತಿ. ನನ್ನ ಚಿಕನ್ ಖಾಲಿ. ಕಬಾಬ್ ಇದ್ರ ಜಲ್ದಿ ಕೊಡು."

ಹುಲುಗಪ್ಪ ಬಕೆಟ್ ನೋಡಿದ. ನಾನೂ ನೋಡಿದೆ. (ಯೋಚನೆಗೆ ಇನ್ನೂ ಜಿಎಸ್‌ಟಿ ಬಂದಿಲ್ಲವಲ್ಲ.) ರೇಣುಕಾಳೂ ನೋಡಿದಳು. ಸುಳ್ಳೇಕೆ, ನಮಗಿಂತ ತುಸು ಹೆಚ್ಚು ಹೊತ್ತೇ ನೋಡಿದಳು.

ಆಮೇಲೆ ಬಕೆಟ್ಟಿನ ಮುಚ್ಚಳ ಹಾಕಿ, ಬಿಸಿಬಿಸಿ ಹೊಸ ಟ್ರೇಯನ್ನೇ ಅವನ ಕೈಗಿಟ್ಟಳು.

ಊಟ ಮುಗಿಸಿ ಗುಂಪು ಕಾರಿನ ಹತ್ತಿರ ಬಂತು. ಕೂಲಿಂಗ್ ಗ್ಲಾಸಿನವನು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ನಮ್ಮ ಬಾಗಿಲಿಗೆ ಬಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬುದ್ಧಿ ಹೇಳಿದ. "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಒಮ್ಮೆ ಅಲ್ಲಿ ಹೋಗಿ ನೋಡಿ ಕಲೀರಿ. ಎಷ್ಟು ಕ್ಲೀನ್! ಕಬಾಬ್ ಅಂತೂ ಭಾಳ ಮಸ್ತ್."

"ಹೌದೇನ್ರಿ? ಕಲೀತೀನ್ರಿ" ಎಂದಳು ರೇಣುಕಾ, ಮುಖದ ಗೆರೆ ಅಲುಗಿಸದೆ. ನಿಜ ಹೇಳಲು ಹೊರಟ ಹುಲುಗಪ್ಪನ ಬಾಯಿ ಮುಚ್ಚಿದ್ದು ನಾನು. ಕಾರು ಹೋದ ಮೇಲೆ ಅವಳು ನಕ್ಕಿದ್ದೇ ನಕ್ಕಿದ್ದು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು.

ಹೊಸಪೇಟೆ, ಕಂಪ್ಲಿ, ಸಂಡೂರು ಅಂತ ಎಷ್ಟೋ ಹೋಟೆಲುಗಳಲ್ಲಿ ಉಂಡಿದ್ದೇನೆ. ನಿಮ್ಮದು ನೆಲಕ್ಕೆ ಬಿತ್ತು ಎಂದು ಯಾರೂ ಒಮ್ಮೆಯೂ ಹೇಳಿದ್ದಿಲ್ಲ. ಅವರ ಅಡುಗೆಮನೆಗಳಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೇ?