ಪೂರ್ವಕ್ಕೆ ಕೆರೆ ಏರಿ

ಸ್ಟ್ಯಾಂಪ್ ಪ್ಯಾಡಿನ ನೇರಳೆ ಮಸಿಗೆ ಒಂದು ವಾಸನೆಯಿದೆ, ಗಮನಿಸಿದ್ದೀರಾ? ಸೀಮೆಎಣ್ಣೆಯೂ ಅಲ್ಲ, ಔಷಧಿಯೂ ಅಲ್ಲ, ಎರಡರ ನಡುವೆ ಎಲ್ಲೋ. ಕಳೆದ ಭಾನುವಾರ ಅಜ್ಜಿಯನ್ನು ನಮ್ಮೂರ ಹಾಲಿನ ಡೈರಿಯ ಸಭೆಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿ ಎಡಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಹಾಜರಿ ಪುಸ್ತಕಕ್ಕೆ ಒತ್ತಿ, ಉಳಿದ ಮಸಿಯನ್ನು ನನ್ನ ದುಪಟ್ಟಾದ ತುದಿಗೆ ಒರೆಸಿದಳು.

“ಅಜ್ಜೀ!” ಎಂದೆ.

“ಹೋಗ್ಲಿ ಬಿಡೇ, ಒಗುದ್ರೆ ಹೋಯ್ತದೆ.”

ಹೋಗಲಿಲ್ಲ. ಮೂರು ಸಲ ಒಗೆದಿದ್ದೇನೆ. ಮೂರೂ ಸಲ ದಿನಚರಿಯಲ್ಲಿ ಬರೆದಿದ್ದೇನೆ.

ದಿನಚರಿ ನನ್ನ ಹಳೆಯ ಕಾಯಿಲೆ. ಏಳನೇ ತರಗತಿಯಿಂದ ಹಿಡಿದು ಇಂದಿನವರೆಗೆ ತಾರೀಖು ಹಾಕಿ, ದಿನದ ಕೊನೆಗೆ ಲೆಕ್ಕ ಬರೆದೇ ಮಲಗುತ್ತೇನೆ. ಎಷ್ಟು ಮಾವಿನಕಾಯಿ, ಎಷ್ಟು ಜಗಳ, ನಾಯಿ ಎಷ್ಟು ಸಲ ಚಪ್ಪಲಿ ಕಚ್ಚಿಕೊಂಡು ಹೋಯಿತು, ಎಲ್ಲವೂ ಇವೆ. ಕಡೂರಿನ ಔಷಧಿ ಅಂಗಡಿಯಲ್ಲಿ ದಾಸ್ತಾನು ಬರೆಯುವ ಕೆಲಸ ಸಿಕ್ಕಾಗ ಅಣ್ಣ ಅಮ್ಮನಿಗೆ, “ಇವ್ಳಿಗೆ ಇದುಕ್ಕೆ ಸಂಬ್ಳ ಬೇರೆ ಕೊಡ್ತಾರಂತೆ ಕಣಮ್ಮ” ಎಂದಿದ್ದ. ಇಷ್ಟು ಪುಸ್ತಕಗಳಲ್ಲಿ ಒಂದೇ ಒಂದು ದಿನದ ಲೆಕ್ಕ ಸುಳ್ಳು. ಒಂಬತ್ತನೇ ತರಗತಿಯ ಫೆಬ್ರವರಿಯ ಒಂದು ಶನಿವಾರ. ಆ ದಿನಕ್ಕೂ ಇದೇ ಮಸಿಯ ವಾಸನೆ.

ನಮ್ಮ ಹೈಸ್ಕೂಲಿನಲ್ಲಿ ಒಂದು ಪದ್ಧತಿಯಿತ್ತು. ಹತ್ತನೇ ತರಗತಿಯವರಿಗೆ ಬೀಳ್ಕೊಡುಗೆ ಕೊಡುವ ದಿನ, ಹಾರ, ಭಾಷಣ, ಉಪ್ಪಿಟ್ಟು, ಕೇಸರಿಬಾತು ಎಲ್ಲ ಮುಗಿದ ಮೇಲೆ ಅವರು ತಮ್ಮ ‘ಆಸ್ತಿ’ಯನ್ನು ನಮಗೆ, ಅಂದರೆ ಒಂಬತ್ತನೆಯವರಿಗೆ, ಖಾತೆ ಮಾಡಿಕೊಡಬೇಕು. ಆಸ್ತಿಯೆಂದರೆ ಏನು ಬೇಕಾದರೂ ಆಗಬಹುದು. ಗಂಟೆ ಹೊಡೆಯುವ ಹಕ್ಕು, ನೀರು ಬರುವ ಎರಡನೇ ನಲ್ಲಿ, ಅಡ್ಡಹೆಸರು, ಮೇಷ್ಟ್ರಿಗೆ ಹೇಳುವ ನೆಪ. ಮನೆಯಲ್ಲಿ ಜಮೀನಿನ ಪತ್ರ ನೋಡಿ ಬೆಳೆದ ಮಕ್ಕಳು. ಹಾಗಾಗಿ ಪ್ರತಿ ಖಾತೆಗೂ ಚಕ್ಕುಬಂದಿ ಕಡ್ಡಾಯ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ನಾಲ್ಕೂ ದಿಕ್ಕಿನ ಎಲ್ಲೆ ಬರೆಯಬೇಕು. ಎಲ್ಲರಿಗೂ ಸಹಿ ಬರುತ್ತಿತ್ತು. ಆದರೂ ಒತ್ತುತ್ತಿದ್ದುದು ಹೆಬ್ಬೆಟ್ಟನ್ನೇ. ಹತ್ತನೆಯವರಲ್ಲೊಬ್ಬ ಪೇಟ ಸುತ್ತಿ ಅಮಲ್ದಾರನಾಗಿ ಕೂತು, ಪ್ರತಿ ಖಾತೆಗೂ “ತಕರಾರು ಐತೇನ್ರಪ್ಪಾ?” ಎಂದು ಮೂರು ಸಲ ಕೂಗುತ್ತಿದ್ದ. ಒಂದೇ ಆಸ್ತಿ ಇಬ್ಬರಿಗೆ ಹೋಗಿದ್ದರೆ ಮೊದಲ ನಂಬರಿನವರಿಗೆ ಹಕ್ಕು.

ಆ ವರ್ಷದ ಅಮಲ್ದಾರ ಮಂಜುನಾಥ. ತನ್ನ ಖಾತೆಯನ್ನು ಅವನೇ ಓದಿಕೊಂಡ: “ನಾನು ವರ್ಷಪೂರ್ತಿ ಅನುಭವಿಸಿಕೊಂಡು ಬಂದ ‘ಮನೇಲಿ ಹಸು ಈದೈತೆ ಸಾರ್’ ಎಂಬ ನೆಪವನ್ನು ಒಂಬತ್ತನೇ ತರಗತಿಯ ಕುಮಾರನಿಗೆ ಬಿಟ್ಟುಕೊಟ್ಟಿರುತ್ತೇನೆ. ಒಂದೇ ತಿಂಗಳಲ್ಲಿ ಎರಡು ಸಲ ಬಳಸತಕ್ಕದ್ದಲ್ಲ.”

ಹಿಂದೆ ಕೂತಿದ್ದ ಹೆಡ್‌ಮಾಸ್ಟರು ತಲೆಯೆತ್ತಿದರು. “ಲೇ ಮಂಜ, ನಿಮ್ಮನೇಲಿರೋದು ಒಂದೇ ಹಸು ಅಲ್ಲೇನೋ? ಜೂನಿಂದ ನಾಕು ಸಲ ಈದೈತಲ್ಲೋ!”

“ಒಳ್ಳೆ ತಳಿ ಸಾರ್!”

ನಮ್ಮ ಹೆಡ್‌ಮಾಸ್ಟರು ನಗುವುದನ್ನು ನಾನು ಆ ವರ್ಷ ಕಂಡದ್ದು ಅದೊಂದೇ ಸಲ. ಅದೂ ಬರೆದಿದೆ.

ಖಾತೆ ಪುಸ್ತಕ ಬರೆಯುವ ಗುಮಾಸ್ತೆಯನ್ನು ಒಂಬತ್ತನೆಯವರಿಂದ ಆರಿಸುತ್ತಿದ್ದರು. ಅಕ್ಷರ ಗುಂಡಗಿದ್ದುದರಿಂದ ನನ್ನನ್ನೇ ಹಿಡಿದರು. ಹಿಂದಿನ ವಾರ ಹತ್ತನೆಯವರು ಕೊಡುವ ಚೀಟಿಗಳಿಗೆ ಬಂದ ಕ್ರಮದಲ್ಲೇ ನಂಬರು ಹಾಕಿ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ.

ಮೊದಲ ದಿನವೇ ಸವಿತಕ್ಕ ಚೀಟಿ ತಂದಳು. ಹತ್ತನೇ ಕೋಣೆಯ ಮೊದಲ ಬೆಂಚಿನ ತುದಿಯ ಜಾಗವನ್ನು ನನ್ನ ಗೆಳತಿ ರುಕ್ಮಿಣಿಗೆ ಬರೆದಿದ್ದಳು. ಇಬ್ಬರ ಮನೆಯೂ ಒಂದೇ ಬೀದಿ. ಪೂರ್ವಕ್ಕೆ ಸರಳು ಮುರಿದ ಕಿಟಕಿ, ಪಶ್ಚಿಮಕ್ಕೆ ಶೋಭಳ ಮೊಣಕೈ, ಉತ್ತರಕ್ಕೆ ಮೇಷ್ಟ್ರ ಬೆತ್ತ, ದಕ್ಷಿಣಕ್ಕೆ ಎರಡನೇ ಬೆಂಚಿನವರ ಪಿಸುಮಾತು. ಎರಡು ದಿನ ಬಿಟ್ಟು ಶೋಭಕ್ಕ ಬಂದಳು. ಅವಳದೂ ಒಂದು ಜಾಗ, ಬರೆದಿದ್ದು ನನ್ನ ಹೆಸರಿಗೆ. ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಸವಿತಳ ಜಡೆ, ಉತ್ತರಕ್ಕೆ ಕಪ್ಪು ಹಲಗೆ, ದಕ್ಷಿಣಕ್ಕೆ ಹುಣಿಸೆಬೀಜದ ವ್ಯಾಪಾರ.

ಬರೆಯುತ್ತಿದ್ದ ಪೆನ್ನು ನಿಂತಿತು. ದಸರೆಯವರೆಗೆ ಕಿಟಕಿಯ ಪಕ್ಕ ಕೂತವಳು ಸವಿತಕ್ಕ, ಆಮೇಲೆ ಶೋಭಕ್ಕ. ಇಬ್ಬರೂ ತಮ್ಮದೆಂದುಕೊಂಡ ಜಾಗ ಒಂದೇ. ಒಬ್ಬಳು ಕಿಟಕಿ ಬರೆದಿದ್ದಳು, ಇನ್ನೊಬ್ಬಳು ಕಿಟಕಿಯಿಂದ ಕಾಣುವ ಕೆರೆ ಏರಿ ಬರೆದಿದ್ದಳು.

ಆ ಜಾಗ ನನಗೆ ಯಾಕೆ ಬೇಕಿತ್ತೆಂದು ಹೇಳಿದರೆ ನೀವು ನಗುತ್ತೀರಿ. ನಗಿ. ಸಂಜೆಯ ನಮ್ಮ ಬಸ್ಸು ಆ ಏರಿಯ ಮೇಲೆ ತಿರುಗುವುದು ಅಲ್ಲಿಂದ ಮಾತ್ರ ಕಾಣುತ್ತಿತ್ತು. ಬಸ್ಸು ದಿನಾ ಎಷ್ಟು ಗಂಟೆಗೆ ಬರುತ್ತದೆಂದು ಬರೆದಿಡಬೇಕೆಂಬುದು ನನ್ನ ಆಸೆ. ಅಷ್ಟೇ. ಅಷ್ಟಕ್ಕಾಗಿ, ಇನ್ನೂ ನಂಬರು ಬೀಳದಿದ್ದ ಸವಿತಕ್ಕನ ಚೀಟಿಯನ್ನು ಕಟ್ಟಿನ ಅಡಿಗೆ ಸರಿಸಿದೆ. ನನ್ನದು ಹನ್ನೊಂದನೇ ನಂಬರಾಯಿತು, ರುಕ್ಮಿಣಿಯದು ಇಪ್ಪತ್ತೇಳು.

ಶನಿವಾರ ಮಂಜುನಾಥ ಹನ್ನೊಂದಕ್ಕೂ ಮೂರು ಸಲ ಕೂಗಿದ, ಇಪ್ಪತ್ತೇಳಕ್ಕೂ ಮೂರು ಸಲ. ಸವಿತಳ ಜಡೆಗೆ, ಶೋಭಳ ಮೊಣಕೈಗೆ ಬಿದ್ದ ನಗುವಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಗೊತ್ತಿದ್ದವಳು ಮಸಿ ಪ್ಯಾಡು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಮನೆಗೆ ಹೋಗಿ ದಿನಚರಿ ಬರೆದೆ: “ಖಾತೆ ಮೂವತ್ತೆಂಟು. ಹೆಬ್ಬೆಟ್ಟು ಮೂವತ್ತೆಂಟು. ತಕರಾರು ಇಲ್ಲ.”

ಜೂನ್‌ನಲ್ಲಿ ಹತ್ತನೇ ಕೋಣೆಗೆ ಹೋದಾಗ ಇಬ್ಬರೂ ಖಾತೆ ಚೀಟಿ ಹಿಡಿದು ಒಂದೇ ಜಾಗದ ಮುಂದೆ ನಿಂತೆವು. ರುಕ್ಮಿಣಿ ಎರಡನ್ನೂ ಕಣ್ಣಿನ ಹತ್ತಿರ ತಂದು ಓದಿದಳು.

“ನೀನೇ ಅಲ್ಲೇನೇ ಬರ್ದಿದ್ದು? ಗೊತ್ತಾಗ್ಲಿಲ್ವಾ?”

“ಇಲ್ಲ ಕಣೇ.”

“ನಿಂಗಾ?” ಎಂದು ನನ್ನ ಮುಖ ನೋಡಿದಳು. ಆಮೇಲೆ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡಳು. “ಹೋಗ್ಲಿ. ಹನ್ನೊಂದು ಮೊದ್ಲು ತಾನೆ? ಕೂತ್ಕೋ.”

ಪಕ್ಕದ ಜಾಗಕ್ಕೆ ಖಾತೆಯೇ ಇರಲಿಲ್ಲ. ಅಷ್ಟರಲ್ಲಿ ಬೇರೊಬ್ಬಳು ಅಲ್ಲಿ ಚೀಲ ಇಟ್ಟಿದ್ದಳು. ರುಕ್ಮಿಣಿ ನಾಲ್ಕನೇ ಬೆಂಚಿಗೆ ಹೋದಳು. ಫೆಬ್ರವರಿಯಲ್ಲೇ ನಾನು ಬಾಯಿ ಬಿಟ್ಟಿದ್ದರೆ ಒಬ್ಬಳಿಗೆ ಕಿಟಕಿ, ಇನ್ನೊಬ್ಬಳಿಗೆ ಅದರ ಪಕ್ಕ ಎಂದು ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಬಸ್ಸಿನ ಸಮಯ ನಿಷ್ಠೆಯಿಂದ ಬರೆದೆ. ಏರಿಯ ಮೇಲೆ ಕಂಡ ಕೂಡಲೇ ಹಿಂದೆ ತಿರುಗಿ ರುಕ್ಮಿಣಿಗೆ ಕೈ ಸನ್ನೆ ಮಾಡುತ್ತಿದ್ದೆ. ಒಂದೊಂದು ದಿನ ಅವಳು ಸನ್ನೆಯನ್ನು ಗಮನಿಸುತ್ತಿರಲಿಲ್ಲ. ಜಂಬ ಮಾಡ್ತಾಳೆ ಅಂದುಕೊಂಡೆ.

ನವೆಂಬರಿನಲ್ಲಿ ಶಾಲೆಗೆ ಕಣ್ಣಿನ ಡಾಕ್ಟರು ಬಂದರು. ರುಕ್ಮಿಣಿಗೆ ದಪ್ಪ ಗಾಜಿನ ಕನ್ನಡಕ ಬಂತು. ಅಲ್ಲಿಯವರೆಗೆ ಹಲಗೆಯ ಒಂದಕ್ಷರವೂ ಕಾಣದೆ ಪಕ್ಕದವಳ ನೋಟ್ಸು ನೋಡಿ ಬರೆದುಕೊಂಡಿದ್ದಳು. ಮನೆಯಲ್ಲಿ ಹೇಳಿರಲಿಲ್ಲ, ಸವಿತಕ್ಕನಿಗೆ ಮಾತ್ರ ಹೇಳಿದ್ದಳು. ಆ ಮೊದಲ ಬೆಂಚು ಅವಳ ಹೆಸರಿಗೆ ಯಾಕೆ ಬಂದಿತ್ತೆಂದು ಆಗ ತಿಳಿಯಿತು.

“ಇಲ್ಲಿಗೆ ಬಂದ್ಬಿಡೇ, ನಾನು ಹಿಂದಕ್ಕೋಗ್ತೀನಿ” ಎಂದೆ.

“ಯಾಕೆ? ಈಗ ಕನ್ನಡ್ಕ ಐತಲ್ಲ” ಎಂದಳು.

ನಮ್ಮ ಬೀಳ್ಕೊಡುಗೆಯ ದಿನ ರುಕ್ಮಿಣಿ ಎದ್ದು ಕನ್ನಡಕ ಸರಿ ಮಾಡಿಕೊಂಡು ಓದಿದಳು: “ನನ್ನ ಹೆಸರಿಗೆ ಖಾತೆಯಾಗಿ, ಒಂದು ದಿನವೂ ನನ್ನ ಸ್ವಾಧೀನಕ್ಕೆ ಬಾರದ ಕಿಟಕಿ ಪಕ್ಕದ ಜಾಗವನ್ನು, ಒಂಬತ್ತನೇ ತರಗತಿಯಲ್ಲಿ ಯಾರಿಗೆ ಹಲಗೆ ಕಾಣುವುದಿಲ್ಲವೋ ಅವರಿಗೆ ಬಿಟ್ಟುಕೊಟ್ಟಿರುತ್ತೇನೆ.” ಎಲ್ಲರೂ ನಕ್ಕರು. ನಾನೂ ನಕ್ಕೆ. “ತಕರಾರು ಐತೇನ್ರಪ್ಪಾ?” ಎಂದು ನಮ್ಮ ಅಮಲ್ದಾರ ಮೂರು ಸಲ ಕೂಗಿದ. ಆ ಸಲವೂ ನಾನು ಬಾಯಿ ಬಿಡಲಿಲ್ಲ.

ಡೈರಿಯ ಸಭೆಯಿಂದ ಬಂದ ಸಂಜೆ ಟ್ರಂಕು ತೆಗೆದು ಆ ಪುಸ್ತಕ ಹುಡುಕಿದೆ. ‘ತಕರಾರು ಇಲ್ಲ’ ಎಂಬುದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ, ನೋಡಿ! ರುಕ್ಮಿಣಿ ಈಗ ತರೀಕೆರೆಯಲ್ಲಿ ನರ್ಸು. ವರ್ಷಕ್ಕೆ ಎರಡು ಸಲ ಮಾತಾಡುತ್ತೇವೆ, ಯುಗಾದಿಗೊಂದು, ಅವಳ ಹುಟ್ಟುಹಬ್ಬಕ್ಕೊಂದು. ಎರಡೂ ಅಲ್ಲದ ದಿನ ಫೋನು ಮಾಡಿದ್ದಕ್ಕೆ ಗಾಬರಿಯಾದಳು.

“ಏನಾಯ್ತೇ? ಅಜ್ಜಿ ಹುಷಾರಾಗೈತಾ?”

“ಅಜ್ಜಿ ಚೆನ್ನಾಗೈತೆ. ರುಕ್ಕಿ, ನಿನ್ ಚೀಟಿ ಮೊದ್ಲು ಬಂದಿತ್ತು ಕಣೇ. ನಾನೇ ಅಡಿಗೆ ಹಾಕ್ದೆ.”

ಆ ಕಡೆ ಯಾರದೋ ಟ್ರಾಲಿಯ ಚಕ್ರ ಉರುಳುವ ಸದ್ದು ಕೇಳಿಸಿತು.

“ಸವಿತಕ್ಕ ಮೊದ್ಲ ದಿನಾನೇ ಕೊಟ್ಟಿದ್ಲು ಅಂತ ನಂಗೆ ಗೊತ್ತಿತ್ತು. ಮೊದ್ಲ ದಿನ ಕೊಟ್ಟ ಚೀಟಿ ಇಪ್ಪತ್ತೇಳು ಹೆಂಗಾಯ್ತದೆ? ನೀನು ಹೇಳ್ತೀಯಾ ಅಂತ ಒಂದ್ವರ್ಷ ಕಾದೆ. ಆಮೇಲೆ ಮರ್ತೆ” ಎಂದಳು. ಮತ್ತೆ ಅವಳೇ, “ಮರ್ತಿರ್ಲಿಲ್ಲ ಅನ್ಸುತ್ತೆ” ಎಂದಳು.

“ಈಗೇನು ಮಾಡ್ಲಿ ಹೇಳು.”

“ಬರ್ಕೊಡು. ಹೆಬ್ಬೆಟ್ಟು ಒತ್ತಿ.”

ಡೈರಿಗೆ ಹೋಗಿ ಪ್ಯಾಡು ಕೇಳಿ ತಂದೆ. ಯಾಕೆಂದು ಅವರು ಕೇಳಲಿಲ್ಲ; ನಮ್ಮ ಮನೆಯ ಹುಡುಗಿ ಏನಾದರೂ ಬರೆಯುತ್ತಿರುತ್ತಾಳೆಂದು ಊರಿಗೇ ಗೊತ್ತು. ಬಿಳಿ ಹಾಳೆಯ ಮೇಲೆ ಆ ಜಾಗವನ್ನು ಅವಳ ಹೆಸರಿಗೆ ಬರೆದು, ಹೆಬ್ಬೆಟ್ಟು ಒತ್ತಿ, ಫೋಟೊ ಕಳಿಸಿದೆ. ಉತ್ತರ ತಕ್ಷಣ ಬಂತು: “ಚಕ್ಕುಬಂದಿ ಎಲ್ಲಿ?”

ಮತ್ತೆ ಕೂತು ಬರೆದೆ. ಪೂರ್ವಕ್ಕೆ ಕೆರೆ ಏರಿ. ಉತ್ತರಕ್ಕೆ ಕಪ್ಪು ಹಲಗೆ. ದಕ್ಷಿಣಕ್ಕೆ ಹುಣಿಸೆಬೀಜದ ವ್ಯಾಪಾರ. ಪಶ್ಚಿಮಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ‘ಪಶ್ಚಿಮಕ್ಕೆ ನಾನು’ ಎಂದು ಬರೆದೆ.

ಈ ಸಲ ಉತ್ತರ ಬರಲು ಹನ್ನೆರಡು ನಿಮಿಷ ಹಿಡಿಯಿತು. “ಪಶ್ಚಿಮದೋರು ಬಾಳ ಮಾತಾಡ್ತಾರೆ. ಬೇಲಿ ಹಾಕ್ಸು.”

ಅಂದಿನ ದಿನಚರಿ: ಖಾತೆ ಒಂದು. ಹೆಬ್ಬೆಟ್ಟು ಒಂದು. ತಕರಾರು ಒಂದು, ಬೇಲಿಯ ಬಗ್ಗೆ.