ಚಿಕ್ಕಮ್ಮ ಗೌರಮ್ಮಜ್ಜಿಯ ಹೆಸರು ಕೇಳಿದ ದಿನ

ಒಂದು ನಿಮಿಷ ತಡೆಯಿರಿ, ಪುಟ ಮಗುಚಬೇಡಿ. ಪರೀಕ್ಷೆಯ ವಿಷಯ ಅಂದರೆ ಯಾರೂ ನಿಲ್ಲುವುದಿಲ್ಲ, ಗೊತ್ತು. ಆದರೆ ಈ ಪರೀಕ್ಷೆಯಲ್ಲಿ ಫೇಲಾದವಳು ಒಂಬತ್ತು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದವಳು. ಫೇಲಾಗಿದ್ದು ಯಾಕೆ ಅಂತ ಕೇಳಿದರೆ ನೀವೂ ನನ್ನ ಹಾಗೇ ಬಾಯಿ ಬಿಟ್ಟುಕೊಂಡು ಕೂರುತ್ತೀರಿ.

ಇವತ್ತು ಬೆಳಿಗ್ಗೆ ಕುಣಿಗಲ್ಲಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರಕ್ತಪರೀಕ್ಷೆಯ ಲ್ಯಾಬ್ ದಾಟುವಾಗ ಒಳಗಿನಿಂದ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ಪ್ರಭಾ ಚಿಕ್ಕಮ್ಮನ ಚಿತ್ರಾನ್ನ ನೆನಪಾಯಿತು. ನಗಬೇಡಿ. ನಮ್ಮಮ್ಮನ ತಂಗಿ ಪ್ರಭಾ ಚಿಕ್ಕಮ್ಮ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಕೈಚೀಲ, ಸೆರಗು, ಕೊನೆಗೆ ಅವಳು ಬಸ್ಸಿನಲ್ಲಿ ನನಗೆ ಬಿಚ್ಚಿಕೊಡುತ್ತಿದ್ದ ಡಬ್ಬಿ, ಎಲ್ಲಕ್ಕೂ ಆ ವಾಸನೆ ಹತ್ತಿಕೊಂಡಿರುತ್ತಿತ್ತು.

ಇದು ಮೂರು ವರ್ಷದ ಹಿಂದಿನ ಮಾತು. ನಾವಿಬ್ಬರೂ ಗುಬ್ಬಿಯಿಂದ ಒಂದೇ ಬಸ್ಸಿನಲ್ಲಿ ತುಮಕೂರಿಗೆ ಹೋಗುತ್ತಿದ್ದೆವು. ನನ್ನದು ಮೊಬೈಲ್ ರಿಪೇರಿ. ಯಾವ ಕೋರ್ಸೂ ಮಾಡಿಲ್ಲ, ವಿಡಿಯೋ ನೋಡಿಕೊಂಡು ಕಲಿತದ್ದು; ಕಲಿಯುವಾಗ ಹಾಳು ಮಾಡಿದ ಫೋನುಗಳ ವಿಚಾರ ಇಲ್ಲಿ ಬೇಡ. ಚಿಕ್ಕಮ್ಮನದು ಕ್ಯಾನ್ಸರ್ ಡೇ ವಾರ್ಡ್. ರೋಗಿಗಳು ಬೆಳಿಗ್ಗೆ ಬಂದು, ಕೀಮೋ ಡ್ರಿಪ್ ಹಾಕಿಸಿಕೊಂಡು, ಸಂಜೆ ಊರಿಗೆ ಹೋಗುತ್ತಾರೆ. ದಿನಾ ಬಸ್ಸಲ್ಲಿ ನಿದ್ದೆ ಹೊಡೆಯುವ ಚಿಕ್ಕಮ್ಮ ಒಂದು ದಿನ ದಪ್ಪ ಪುಸ್ತಕ ತೆಗೆದಳು.

"ಏನ್ ಚಿಕ್ಕಮ್ಮ, ಈ ವಯಸ್ನಾಗೆ ಓದು?"

"ಸುಮ್ನಿರೋ. ಇನ್ಮೇಲೆ ಕೀಮೋ ಹಾಕೋರಿಗೆಲ್ಲ ಸರ್ಟಿಫಿಕೇಟ್ ಇರ್ಲೇಬೇಕಂತೆ. ಇಲ್ದೋರು ಜನರಲ್ ವಾರ್ಡಿಗೆ ವಾಪಸ್."

"ನಿಂಗೆ ಒಂಬತ್ತು ವರ್ಷದ ಸರ್ವೀಸ್ ಐತಲ್ಲ?"

"ಅದನ್ನ ಯಾರ್ ಕೇಳ್ತಾರೆ? ನಾನ್ ಆ ಕಡೆ ಹೋದ್ರೆ ಗೌರಮ್ಮಜ್ಜಿ ಕೈಯಾಗೆ ನರ ಹುಡ್ಕೋರ್ಯಾರು ಹೇಳು."

ಗೌರಮ್ಮಜ್ಜಿ ಕುಣಿಗಲ್ ಕಡೆಯವರು. ಮೂರು ವಾರಕ್ಕೊಮ್ಮೆ ಡ್ರಿಪ್ಪಿಗೆ ಬರುತ್ತಿದ್ದರು. ಅವರ ಕೈಯ ನರ ಸೂಜಿ ಕಂಡರೆ ಅಡಗಿಕೊಳ್ಳುತ್ತಿತ್ತಂತೆ. ಬೇರೆಯವರು ಮೂರ್ನಾಲ್ಕು ಸಲ ಚುಚ್ಚಬೇಕು, ಚಿಕ್ಕಮ್ಮ ಒಂದೇ ಸಲಕ್ಕೆ ಹಿಡಿಯುತ್ತಿದ್ದಳು.

ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಫೋನಲ್ಲಿ ಅರ್ಥ ಹುಡುಕಿ ಹೇಳುವ ಮೇಷ್ಟ್ರಾದೆ. ನನಗೋ ಹೊಸ ವಿಷಯ ಸಿಕ್ಕರೆ ಹಸಿವೇ ಆಗುವುದಿಲ್ಲ. "ಔಷಧ ನರದಿಂದಾಚೆ ಸೋರಿದ್ರೆ ಮೊದ್ಲು ಏನ್ ಮಾಡ್ತೀಯ?" ಅಂದೆ. ನಾನಾಗಿದ್ದರೆ ಗಾಬರಿಯಲ್ಲಿ ಸೂಜಿ ಕಿತ್ತು ಬಿಸಾಡುತ್ತಿದ್ದೆ. ಚಿಕ್ಕಮ್ಮ ಪುಸ್ತಕ ನೋಡದೇ ಹೇಳಿದಳು: ಡ್ರಿಪ್ ನಿಲ್ಲಿಸಬೇಕು, ಸೂಜಿ ಕೀಳಬಾರದು, ಆ ಸೂಜಿಯಿಂದಲೇ ಆದಷ್ಟು ಔಷಧ ವಾಪಸ್ ಎಳೆಯಬೇಕು. ನನಗೆ ರೋಮಾಂಚನ. ಒಂದೇ ವಾರದಲ್ಲಿ ನಾನು ಕಂಡಕ್ಟರಿಗೂ ಬಿಳಿ ರಕ್ತಕಣದ ಪಾಠ ಮಾಡಿ, "ಮುಂದುಕ್ಕೋಗಪ್ಪ ಡಾಕ್ಟ್ರೆ" ಅನ್ನಿಸಿಕೊಂಡೆ.

ಬರೆಯುವ ಪರೀಕ್ಷೆ ಪಾಸಾಯಿತು. ಆಮೇಲೆ ಪ್ರಾಕ್ಟಿಕಲ್. ಹೊರಗಿನಿಂದ ಬಂದ ಒಬ್ಬ ಮೇಡಂ ವಾರ್ಡಿನಲ್ಲೇ ನಿಂತು, ನರ್ಸ್ ಕೆಲಸ ಮಾಡುವುದನ್ನು ನೋಡಿ ಗುರುತು ಹಾಕಿಕೊಳ್ಳುತ್ತಾರೆ. ಅವತ್ತು ಸಂಜೆ ಬಸ್ಸು ಹೆಗ್ಗೆರೆ ದಾಟುವಾಗ ಚಿಕ್ಕಮ್ಮ ಪುಸ್ತಕವನ್ನು ಕೈಚೀಲದ ತಳಕ್ಕೆ ತುರುಕಿದಳು.

"ಫೇಲ್ ಕಣೋ. ಹೆಸ್ರು ಕೇಳ್ಲಿಲ್ಲ ಅಂತ."

"ಯಾರ್ ಹೆಸ್ರು?"

"ಗೌರಮ್ಮಜ್ಜೀದು! ಔಷಧ ಹಾಕೋ ಮುಂಚೆ ಪೇಷೆಂಟ್ ಬಾಯಿಂದ್ಲೇ ಹೆಸ್ರು ಹೇಳಿಸ್ಬೇಕಂತೆ. ನಾನು 'ಗೌರಮ್ಮಜ್ಜಿ ಅಲ್ವಾ' ಅಂದೆ, ಅವ್ರು ತಲೆ ಆಡ್ಸಿದ್ರು. ಅದು ನಡಿಯಲ್ವಂತೆ. ಇನ್ ಮೂರ್ ವಾರಕ್ಕೆ ಮತ್ತೆ ನೋಡ್ತಾರಂತೆ, ಅದೇ ಕೊನೇ ಚಾನ್ಸು."

ನನಗೂ ಸಿಟ್ಟು ಬಂತು. ನಮ್ಮ ಕಡೆ ಗೊತ್ತಿರುವವರ ಹೆಸರನ್ನು ಯಾರಾದರೂ ಕೇಳುತ್ತಾರೆಯೇ? ಗೊತ್ತಿಲ್ಲದವರನ್ನೂ ಮೊದಲು ಯಾವೂರು ಅನ್ನುತ್ತೇವೆ, ಆಮೇಲೆ ಯಾರ ಪೈಕಿ ಅನ್ನುತ್ತೇವೆ, ಹೆಸರು ಕೇಳುವುದರೊಳಗೆ ಕಾಫಿ ಮುಗಿದಿರುತ್ತದೆ. ಆರು ತಿಂಗಳು ಕಂಡ ಮುಖದ ಹೆಸರು ಕೇಳಿದರೆ, ನೀನು ನಮ್ಮವಳಲ್ಲ ಅಂದ ಹಾಗೆ.

ಸಿಟ್ಟಿನ ಹಿಂದೆಯೇ ಕುತೂಹಲ. ಆ ನಿಯಮ ಯಾಕೆ ಬಂತು? ಮುಂದಿನ ವಾರ ಚಿಕ್ಕಮ್ಮ ಬಸ್ಸಿನಲ್ಲೇ ಮರೆತುಹೋದ ಡಬ್ಬಿ ಕೊಡಲು ಆಸ್ಪತ್ರೆಗೆ ಹೋದೆ. ಕೊರಳಲ್ಲಿ ಅಂಗಡಿಯ ಐಡಿ ಕಾರ್ಡು, ಜೇಬಲ್ಲಿ ಪೆನ್ನು. ಕಾಯುವ ಬೆಂಚಿನಲ್ಲಿ ಗೂಳೂರಿನ ಕಡೆಯ ಅಜ್ಜಿಯೊಬ್ಬರು ಫೈಲ್ ತಬ್ಬಿಕೊಂಡು ಕೂತಿದ್ದರು. ಫೈಲಿನ ಮೇಲೆ ಪುಟ್ಟಲಕ್ಷ್ಮಮ್ಮ ಅಂತ ದೊಡ್ಡ ಅಕ್ಷರ. ನನ್ನ ತಲೆಗೆ ಏನು ಹೊಳೆಯಿತೋ.

"ಅಜ್ಜಿ, ನೀವು ರಂಗಮ್ಮ ಅಲ್ವಾ?"

"ಹೂಂ ಕಣಪ್ಪ."

"ಫೈಲ್‌ನಾಗೆ ಪುಟ್ಟಲಕ್ಷ್ಮಮ್ಮ ಅಂತೈತಲ್ಲ?"

"ಅದೇ ನನ್ನೆಸ್ರು."

"ಮತ್ಯಾಕೆ ಹೂಂ ಅಂದ್ರಿ?"

"ಆಸ್ಪತ್ರೆಯೋರು ಹೇಳಿದ್ಮ್ಯಾಗೆ ಇಲ್ಲ ಅಂತ ಹೆಂಗನ್ನಾದು ಬುಡು. ನಿಮ್ ಪುಸ್ತಕದಾಗೆ ಹಂಗೇ ಬರ್ದಿರ್ಬೇಕು ಅಂದ್ಕಂಡೆ."

ನಾನು ಆಸ್ಪತ್ರೆಯವನಲ್ಲ ಅಂತ ಹೇಳಿ, ತಪ್ಪಾಯ್ತಜ್ಜಿ ಅಂದೆ. ಕಾಯಿಲೆಯ ಜೀವದ ಮೇಲೆ ಪ್ರಯೋಗ ಮಾಡಿದ ನಾಚಿಕೆಗೆ ಐಡಿ ಕಾರ್ಡು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಜ್ಜಿ ಮಾತ್ರ, "ಅದುಕ್ಯಾಕೆ ಅಂಗಾಡ್ತೀಯ" ಅಂತ ನಕ್ಕರು.

ಸಂಜೆ ಚಿಕ್ಕಮ್ಮನಿಗೆ ಹೇಳಿದೆ. ಮೊದಲು, "ನಿನ್ಗೆ ಬುದ್ಧಿ ಐತೇನ್ಲಾ? ಅವ್ರು ನಿನ್ ಆಟದ್ ಸಾಮಾನಾ?" ಅಂತ ಬೈದಳು. ಆಮೇಲೆ ಕಿಟಕಿಯ ಕಡೆಗೇ ನೋಡುತ್ತಾ ಕೇಳಿದಳು:

"ಬ್ಯಾಗ್ ಮೇಲಿನ ನಂಬರ್ ನೋಡೇ ಹಾಕ್ತಿದ್ದೆ, ಏನೂ ಆಗಿಲ್ಲ. ಆದ್ರೂ ಒಂಬತ್ತು ವರ್ಷದಾಗೆ ಎಷ್ಟ್ ಜನ ನನ್ ಮುಖ ನೋಡಿ ಸುಮ್ನೆ ಹೂಂ ಅಂದಿರ್ಬೋದು?"



ಎರಡನೇ ಪ್ರಾಕ್ಟಿಕಲ್ ದಿನ ನಾನು ಅಂಗಡಿಗೆ ರಜೆ ಹೇಳಿ ವಾರ್ಡಿನ ಬಾಗಿಲಾಚೆಯ ಬೆಂಚಿನಲ್ಲಿ ಕೂತೆ. ಬಾಗಿಲು ತೆರೆದೇ ಇತ್ತು. ಅದೇ ಮೇಡಂ, ಕೈಯಲ್ಲಿ ಗುರುತು ಹಾಕುವ ಪಟ್ಟಿ. ಕುರ್ಚಿಯಲ್ಲಿ ಗೌರಮ್ಮಜ್ಜಿ.

"ಅಜ್ಜಿ, ನಿಮ್ಮ ಹೆಸ್ರು ಹೇಳಿ."

ಅಜ್ಜಿ ಮೇಡಮ್ಮನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು. "ಏನವ್ವಾ, ಮೈಯಾಗೆ ಹುಷಾರಿಲ್ವಾ? ಆರ್ ತಿಂಗ್ಳಿಂದ ನನ್ ಕೈಗೆ ಚುಚ್ಚಿ ಇವತ್ತು ನೀನ್ಯಾರು ಅಂತೀಯಲ್ಲ!"

ವಾರ್ಡಿಗೆ ವಾರ್ಡೇ ನಕ್ಕಿತು. ಚಿಕ್ಕಮ್ಮ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. "ನೀವ್ಯಾರು ಅಂತ ಗೊತ್ತು ಅಜ್ಜಿ. ಆದ್ರೆ ಈ ಔಷಧ ಬಲು ಜೋರು. ನಿಮ್ದು ಪಕ್ಕದೋರಿಗೆ ಹೋದ್ರೆ ಅವ್ರಿಗೆ ಕಷ್ಟ, ಅವ್ರದು ನಿಮ್ಗೆ ಬಂದ್ರೆ ನಿಮ್ಗೆ ಕಷ್ಟ. ನೀವ್ ಬಾಯ್ ಬಿಡೋವರ್ಗೂ ನಾನ್ ಮುಟ್ಟಲ್ಲ."

"ಹಂಗಾರೆ ಬರ್ಕೋ. ಗೌರಮ್ಮ. ಗಂಡನ್ ಹೆಸ್ರು ಮಾತ್ರ ಕೇಳ್ಬ್ಯಾಡ, ಹೇಳಾಕಿಲ್ಲ."

"ಹುಟ್ಟಿದ್ ದಿನ?"

"ಜನವರಿ ಒಂದು. ಆಧಾರ್ ಕಾರ್ಡ್ ಮಾಡ್ದೋನು ಬರ್ಕಂಡಿದ್ದು."

ಪಕ್ಕದ ಕುರ್ಚಿಯಿಂದ ಇನ್ನೊಬ್ಬರು, "ನಂದೂವೆ ಅದೇಯ" ಅಂದರು. ಕಿಟಕಿಯ ಹತ್ತಿರದವರೂ ಕೈ ಎತ್ತಿದರು.

ಇದು ಪುಸ್ತಕದಲ್ಲಿ ಇರಲಿಲ್ಲ. ನಾನೇ ಓದಿಸಿದ್ದೆ, ನನಗೆ ಗೊತ್ತು. ಹೆಸರು ಮತ್ತು ಹುಟ್ಟಿದ ದಿನ ಎರಡೂ ಹೊಂದಿದರೆ ಸಾಕು ಅಂತಿತ್ತು.  ಚಿಕ್ಕಮ್ಮ ಮೇಡಂ ಕಡೆ ತಿರುಗಿದಳು.

"ಮೇಡಂ, ನಮ್ ಕಡೆ ವಯಸ್ಸಾದೋರ ಹುಟ್ಟಿದ್ ದಿನ ನಂಬಕ್ಕಾಗಲ್ಲ. ನಾನು ಅಜ್ಜಿ ಕೈಗೆ ಕಟ್ಟಿರೋ ಆಸ್ಪತ್ರೆ ಪಟ್ಟಿ ನಂಬರ್ ಬ್ಯಾಗಿನ ನಂಬರಿಗೆ ಹೊಂದ್ಸಿ ನೋಡ್ತೀನಿ." ಇನ್ನೊಬ್ಬ ಸಿಸ್ಟರನ್ನು ಕರೆದಳು. ಅಜ್ಜಿಯ ಕೈಯ ಪಟ್ಟಿ ಇವಳು, ಔಷಧದ ಬ್ಯಾಗು ಅವಳು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. ಆಮೇಲೆ ಸೂಜಿ. ಒಂದೇ ಸಲಕ್ಕೆ ನರ ಸಿಕ್ಕಿತು.

ಮೇಡಂ ಗುರುತು ಹಾಕಿಕೊಳ್ಳದೆ ಪಟ್ಟಿಯ ಅಂಚಿನಲ್ಲಿ ಏನೋ ಬರೆಯುತ್ತಲೇ ಇದ್ದರು. ಈ ಸಲವೂ ಫೇಲು ಅಂದುಕೊಂಡೆ. ಹೊರಡುವಾಗ ಅವರು ಚಿಕ್ಕಮ್ಮನಿಗೆ, "ಜನವರಿ ಒಂದರ ವಿಷಯ ನಂಗೆ ಗೊತ್ತಿರ್ಲಿಲ್ಲ ಸಿಸ್ಟರ್. ಮುಂದಿನ ಬ್ಯಾಚಿಗೆ ಹೇಳ್ತೀನಿ" ಅಂದರು. ಪಾಸು ಅನ್ನುವ ಪದ ಹದಿನೈದು ದಿನ ಬಿಟ್ಟು ಬಂತು.

ಪ್ರಾಕ್ಟಿಕಲ್ ದಿನ ಸಂಜೆ ಬಸ್ಸಿನಲ್ಲಿ ಚಿಕ್ಕಮ್ಮ ಹೇಳಿದ್ದು ಇಷ್ಟೇ: "ನಾಳೆಯಿಂದ ಎಲ್ರನ್ನೂ ಕೇಳ್ಬೇಕು ಕಣೋ. ದಿನಾ ಬೈಸ್ಕಬೇಕು."

ಈಗಲೂ ಅವಳು ಅದೇ ವಾರ್ಡಿನಲ್ಲಿದ್ದಾಳೆ, ದಿನಾ ಬೈಸಿಕೊಳ್ಳುತ್ತಿದ್ದಾಳೆ. ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳುವುದೇ ಕಲಿಕೆ ಅಂತ ನಂಬಿಕೊಂಡು ಓಡಾಡುತ್ತಿದ್ದ ನಾನು ಸ್ವಲ್ಪ ನಿಧಾನವಾಗಿದ್ದೇನೆ. ಗಿರಾಕಿ ತಂದ ಫೋನಿನ ರೋಗ ನೋಡಿದ ಕೂಡಲೇ ಹೇಳಿಬಿಡುತ್ತಿದ್ದವನು ಈಗ, "ಏನಾಗಿದೆ, ನೀವೇ ಹೇಳಿ" ಅನ್ನುತ್ತೇನೆ. ಅವರು ಹೇಳುವುದು ಎಷ್ಟೋ ಸಲ ನಾನು ಅಂದುಕೊಂಡದ್ದಲ್ಲ.

ನೀವೂ ಹೇಳಿ. ನಿಮಗೆ ಸೂಜಿ ಹಾಕುವ ಮುಂಚೆ ಹೆಸರು ಕೇಳಿದ್ದರೇ? ನೀವೇ ಬಾಯಿ ಬಿಟ್ಟು ಹೇಳಿದಿರೋ, ಅಥವಾ ಅವರು ಅಂದದ್ದಕ್ಕೆಲ್ಲ ಹೂಂ ಅಂದಿರೋ? ನಾಚಿಕೊಳ್ಳದೆ ಬರೆದು ಕಳಿಸಿ. ಚಿಕ್ಕಮ್ಮನಿಗೆ ಓದಿ ಹೇಳುತ್ತೇನೆ.